ಎರಡು ವರ್ಷದ ದುಡ್ಡು, ಮೂವತ್ತು ವರ್ಷದ ನೌಕರಿ

2009ರ ಫೆಬ್ರವರಿಯಲ್ಲಿ ಒಬಾಮಾ ಆರ್ಥಿಕತೆಗೆ ಚೇತರಿಕೆ ಕೊಡುವ ರಿಕವರಿ ಆ್ಯಕ್ಟ್‌ಗೆ ಸಹಿ ಹಾಕಿದಾಗ ನಾನು ಅಮೆರಿಕದ ಒಂದು ಸ್ಕೂಲ್ ಡಿಸ್ಟ್ರಿಕ್ಟ್‌ನ, ಅಂದರೆ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆಯ, ಬಜೆಟ್ ವಿಭಾಗದಲ್ಲಿದ್ದೆ. ಕೆಲಸದಿಂದ ತೆಗೆಯಬೇಕಾದ ಶಿಕ್ಷಕರ ಪಟ್ಟಿ ನನ್ನ ಮೇಜಿನ ಮೇಲೆ ಸಿದ್ಧವಾಗಿತ್ತು. ಆರ್ಥಿಕ ಹಿಂಜರಿತದಲ್ಲಿ ತೆರಿಗೆ ಇಳಿದು, ರಾಜ್ಯ ಕೊಡುವ ಪಾಲು ಕರಗಿತ್ತು. ಅಲ್ಲಿನ ಸರ್ಕಾರಿ ಶಾಲೆಗಳಿಗೆ ವಾಷಿಂಗ್ಟನ್‌ನ ಕೇಂದ್ರ ಸರ್ಕಾರದಿಂದ ಬರುವುದು ಮಾಮೂಲಿ ವರ್ಷಗಳಲ್ಲಿ ಸುಮಾರು ಹತ್ತರಲ್ಲೊಂದು ಪಾಲು. ಮಿಕ್ಕಿದ್ದೆಲ್ಲ ರಾಜ್ಯದ್ದು, ಊರಿನದ್ದು.

ರಾಜ್ಯಗಳನ್ನು ಎತ್ತಿ ನಿಲ್ಲಿಸಲು ಆ ಕಾಯ್ದೆಯಲ್ಲಿ ಇಟ್ಟ ನಿಧಿ 5,360 ಕೋಟಿ ಡಾಲರ್. ಅದನ್ನು ಪಡೆಯಲು ಶಿಕ್ಷಕರ ಗುಣಮಟ್ಟ, ಕಲಿಕಾ ಮಾನದಂಡ, ಡೇಟಾ ವ್ಯವಸ್ಥೆ, ಹಿಂದುಳಿದ ಶಾಲೆಗಳು ಎಂದು ನಾಲ್ಕು ವಿಷಯಗಳಲ್ಲಿ ಸುಧಾರಣೆಯ ಮಾತು ಕೊಡಬೇಕಿತ್ತು. ಮುಳುಗುತ್ತಿರುವವನಿಗೆ ಹಗ್ಗ ಎಸೆದು, ಹಾಗೇ ಈಜೂ ಕಲಿತುಬಿಡು ಅಂದ ಹಾಗೆ. ನಾವು ಹಗ್ಗ ಹಿಡಿದೆವು. ಪಟ್ಟಿಯ ಬಹುಪಾಲು ಹೆಸರುಗಳು ಉಳಿದವು. ಎಷ್ಟು ನೌಕರಿ ಉಳಿಯಿತೆಂದು ಮೂರು ತಿಂಗಳಿಗೊಮ್ಮೆ ವರದಿ ಕಳಿಸಬೇಕಿತ್ತು, ಪೂರ್ಣಾವಧಿ ನೌಕರಿಯ ಲೆಕ್ಕದಲ್ಲಿ 0.4 ನೌಕರಿ ಎಂದೆಲ್ಲ ಬರೆದಿದ್ದೇನೆ!

ಇಂದಿಗೂ ಚುಚ್ಚುವುದು ಬೇರೆ. ವಿಶೇಷ ಅಗತ್ಯದ ಮಕ್ಕಳಿಗಾಗಿ ಹೆಚ್ಚುವರಿ ದುಡ್ಡು ಬಂತು. ಕೇಂದ್ರದ ಅನುದಾನ ಎಷ್ಟು ಏರಿತೋ ಅದರ ಅರ್ಧದಷ್ಟನ್ನು ಸ್ಥಳೀಯ ಖರ್ಚಿನಲ್ಲಿ ಇಳಿಸಲು ನಿಯಮದಲ್ಲೇ ಅವಕಾಶವಿತ್ತು. ಇಳಿಸಿದೆವು. ಲೆಕ್ಕ ಬರೆದದ್ದು ನಾನೇ. ಕಾನೂನಿನ ಪ್ರಕಾರ ತಪ್ಪಿಲ್ಲ. ಆದರೆ ಒಮ್ಮೆ ಇಳಿಸಿದ ಮಟ್ಟವೇ ಮುಂದಿನ ವರ್ಷಗಳಿಗೆ ಅಳತೆಯಾಯಿತು. ಕೇಂದ್ರದ ಹೆಚ್ಚುವರಿ ದುಡ್ಡು ನಿಂತ ಮೇಲೂ ಸ್ಥಳೀಯ ಪಾಲು ಮತ್ತೆ ಮೇಲೇಳಲಿಲ್ಲ.

ಶಾಲಾ ಸುಧಾರಣೆಗೆ ರಾಜ್ಯಗಳು ಪೈಪೋಟಿ ನಡೆಸಿ ಗೆಲ್ಲಬೇಕಿದ್ದ 435 ಕೋಟಿ ಡಾಲರ್‌ನ ರೇಸ್ ಟು ದ ಟಾಪ್ ಅನುದಾನದ ಕಥೆ ಇನ್ನೂ ವಿಚಿತ್ರ. ಅರ್ಜಿಗೆ 500 ಅಂಕ. ಒಳ್ಳೆಯ ಅಂಕ ಸಿಗಲೆಂದು ಶಿಕ್ಷಕರ ಮೌಲ್ಯಮಾಪನದ ಕಾನೂನನ್ನೇ ನಮ್ಮ ರಾಜ್ಯ ಮೊದಲು ತಿದ್ದಿತು. ಮೊದಲ ಸುತ್ತಿನಲ್ಲಿ ಗೆದ್ದದ್ದು ಡೆಲಾವೇರ್, ಟೆನೆಸೀ ಎರಡೇ. ನಮಗೆ ದುಡ್ಡು ಬರಲಿಲ್ಲ, ಕಾನೂನು ಮಾತ್ರ ಉಳಿಯಿತು.

ರಿಕವರಿ ದುಡ್ಡಿಗೆ 2011ರ ಸೆಪ್ಟೆಂಬರ್ 30 ಕೊನೆಯ ದಿನ. ಮಧ್ಯೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಶಿಕ್ಷಕರ ನೌಕರಿಗೆಂದು ಇನ್ನೂ 1,000 ಕೋಟಿ ಡಾಲರ್ ಕೊಟ್ಟಿದ್ದರಿಂದ, ದುಡ್ಡು ಒಮ್ಮೆಲೇ ನಿಲ್ಲುವ ಆ ಪ್ರಪಾತ ಒಂದು ವರ್ಷ ಆಚೆ ಸರಿಯಿತು, ಅಷ್ಟೆ. ಆಮೇಲೆ ಹಳೆಯ ಪಟ್ಟಿಯನ್ನೇ ಹೊರತೆಗೆದೆ. ಆ ದುಡ್ಡಿನಲ್ಲಿ ನೇಮಿಸಿದ್ದ ಓದು ಕಲಿಸುವ ತರಬೇತುದಾರರ ಹೆಸರುಗಳೂ ಅದಕ್ಕೆ ಸೇರಿದವು.

2021ರಲ್ಲಿ ಕೋವಿಡ್ ನೆರವಿನ ಮೂರನೇ ಕಂತು, ದೇಶದ ಶಾಲೆಗಳಿಗೆ ಸುಮಾರು 12,200 ಕೋಟಿ ಡಾಲರ್, ಬಂದಾಗ ಅದಕ್ಕೂ 2024ರ ಸೆಪ್ಟೆಂಬರ್ ಕೊನೆಯ ಗಡುವಿತ್ತು. ನಾನು ಸ್ಪ್ರೆಡ್‌ಶೀಟ್‌ಗೆ ಒಂದು ಕಾಲಂ ಸೇರಿಸಿದೆ: 'ಅಕ್ಟೋಬರ್ 2024ರಿಂದ ಈ ಸಂಬಳ ಯಾರು ಕೊಡುತ್ತಾರೆ?' ಉತ್ತರವಿಲ್ಲದಿದ್ದರೆ ಕಾಯಂ ಹುದ್ದೆ ಇಲ್ಲ. ದುಡ್ಡು ಹೋದದ್ದು ಗಾಳಿಯಾಡುವ ವ್ಯವಸ್ಥೆಗೆ, ಬೇಸಿಗೆ ತರಗತಿಗಳಿಗೆ, ಇದ್ದ ಶಿಕ್ಷಕರ ತರಬೇತಿಗೆ. ಕಲಿಕೆಯ ನಷ್ಟ ತುಂಬಲು ಕನಿಷ್ಠ 20% ಮೀಸಲಿಡುವ ನಿಯಮವಿದ್ದರಿಂದ ಟ್ಯೂಷನ್‌ಗೂ ಗುತ್ತಿಗೆ ಕೊಟ್ಟೆವು.

ಒಬ್ಬ ಪ್ರಿನ್ಸಿಪಾಲ್ ಮಾತ್ರ ಮಕ್ಕಳಿಗೆ ಇಬ್ಬರು ಆಪ್ತಸಮಾಲೋಚಕರು ಬೇಕೇ ಬೇಕೆಂದು ಮೂರು ಸಲ ಬಂದರು. ಆಗಿನ ಮಕ್ಕಳ ಸ್ಥಿತಿ ನಾನೂ ನೋಡಿದ್ದೆ. ಕಾಲಂ ಖಾಲಿ ಬಿಟ್ಟೇ ಒಪ್ಪಿದೆ. 2024ರ ವಸಂತದಲ್ಲಿ ಕೆಲಸದಿಂದ ತೆಗೆಯಬೇಕಾದವರ ಪಟ್ಟಿ ಮಾಡಿದಾಗ ಆ ಇಬ್ಬರ ಹೆಸರೂ ಅದರಲ್ಲಿತ್ತು.