ತಗಡಿನ ಬೇಲಿ ಏಳುವ ಮೊದಲು: ಮುಚ್ಚಲಿರುವ ಹಳೆಯ ಮನರಂಜನಾ ಉದ್ಯಾನವನ್ನು ದಾಖಲಿಸುವ ಬಗೆ

ಊರಿನ ಹಳೆಯ ಮನರಂಜನಾ ಉದ್ಯಾನ ಮಾರಾಟವಾಗಿದೆ, ಆ ಜಾಗದಲ್ಲಿ ವಾಣಿಜ್ಯ ಸಂಕೀರ್ಣ ಏಳಲಿದೆ ಎಂಬ ಸುದ್ದಿ ಕಿವಿಗೆ ಬಿದ್ದ ದಿನಕ್ಕೂ ಅದರ ಸುತ್ತ ತಗಡಿನ ಬೇಲಿ ನಿಲ್ಲುವ ದಿನಕ್ಕೂ ನಡುವೆ ಸಿಗುವ ಕಾಲ ಬಹಳ ಕಡಿಮೆ. ಈ ಬರಹ ಆ ಕೆಲವೇ ವಾರಗಳಲ್ಲಿ ಮಾಡಬೇಕಾದ ಕೆಲಸಕ್ಕೆ ಸಂಬಂಧಿಸಿದ್ದು. ನಮ್ಮೂರು ದಾವಣಗೆರೆಗೆ ಕಡಲಿಲ್ಲ, ಆದರೂ ಹೊರದೇಶಗಳ ಕಡಲತೀರದ ಉದ್ಯಾನಗಳಿಗೆ ಬಂದ ಗತಿ ನಮ್ಮ ಟಾಕೀಸುಗಳಿಗೂ ಬಯಲುಗಳಿಗೂ ಬಂದಿರುವುದನ್ನು ನಾವು ಕಂಡಿದ್ದೇವೆ. ನಾನು ಚಿಕ್ಕಂದಿನಿಂದ ಸಿನಿಮಾ ನೋಡಿದ ಟಾಕೀಸೊಂದನ್ನು ಕೆಡವಿದಾಗ ನನ್ನ ಬಳಿ ಉಳಿದದ್ದು ಬಾಲ್ಕನಿಯ ಒಂದು ಹರಿದ ಟಿಕೆಟು ಮಾತ್ರ. ಅಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದವರನ್ನು ಕೂರಿಸಿ ಮಾತನಾಡಿಸಬೇಕೆಂದು ನನಗೆ ತೋಚುವ ಹೊತ್ತಿಗೆ ಅವರು ಊರು ಬಿಟ್ಟಿದ್ದರು.

ಮೊದಲು ಏನನ್ನು ಉಳಿಸಿಕೊಳ್ಳಲು ಸಾಧ್ಯ ಎಂಬುದನ್ನು ತೀರ್ಮಾನಿಸಬೇಕು. ಇಡೀ ಉದ್ಯಾನವನ್ನೇ ಉಳಿಸಿ ಎಂದು ಕೇಳುವುದಕ್ಕಿಂತ ಒಂದು ಆಟವನ್ನೋ ಒಂದು ಕಟ್ಟಡವನ್ನೋ ಹೆಸರಿಟ್ಟು ಕೇಳಿದ ಕಡೆ ಫಲ ದೊರೆತಿದೆ. ನ್ಯೂಯಾರ್ಕಿನ ಕೋನಿ ಐಲೆಂಡ್ ಕಡಲತೀರದಲ್ಲಿದ್ದ ಸ್ಟೀಪಲ್‌ಚೇಸ್ ಉದ್ಯಾನ 1964ರಲ್ಲಿ ಮುಚ್ಚಿತು. ಜಾಗವನ್ನು ಕೊಂಡ ಫ್ರೆಡ್ ಟ್ರಂಪ್ 1966ರಲ್ಲಿ ಅತಿಥಿಗಳನ್ನು ಕರೆಸಿ, ಅವರ ಕೈಯಿಂದಲೇ ಅದರ ಗಾಜಿನ ಮುಂಭಾಗಕ್ಕೆ ಇಟ್ಟಿಗೆ ಎಸೆಸಿ ಅದನ್ನು ಕೆಡವಿಸಿದರು. ಅದೇ ತೀರದಲ್ಲಿ 1920ರ ವಂಡರ್ ವೀಲ್ ಎಂಬ ದೈತ್ಯ ಚಕ್ರ ಮತ್ತು 1927ರ ಸೈಕ್ಲೋನ್ ಎಂಬ ರೋಲರ್ ಕೋಸ್ಟರ್ (ಏರಿಳಿತದ ಹಳಿಯ ಮೇಲೆ ಬಂಡಿ ಓಡುವ ಆಟ) ಇಂದಿಗೂ ನಿಂತಿವೆ, ಏಕೆಂದರೆ 1980ರ ದಶಕದ ಕೊನೆಯಲ್ಲಿ ನಗರಾಡಳಿತ ಅವೆರಡಕ್ಕೂ ಹೆಗ್ಗುರುತಿನ ಮಾನ್ಯತೆ ಕೊಟ್ಟಿತ್ತು. ಸೈಕ್ಲೋನ್‌ನ ಪಕ್ಕದಲ್ಲಿದ್ದ, 1962ರಲ್ಲಿ ಆರಂಭವಾದ ಆಸ್ಟ್ರೋಲ್ಯಾಂಡ್ ಉದ್ಯಾನಕ್ಕೆ ಅಂಥ ರಕ್ಷಣೆ ಇರಲಿಲ್ಲ; ಅದು 2008ರ ಸೆಪ್ಟೆಂಬರ್‌ನಲ್ಲಿ ಮುಚ್ಚಿಹೋಯಿತು. ಇಂಗ್ಲೆಂಡಿನ ಮಾರ್ಗೇಟ್ ಪಟ್ಟಣದ ಡ್ರೀಮ್‌ಲ್ಯಾಂಡ್‌ನಲ್ಲಿ 1920ರಲ್ಲಿ ಕಟ್ಟಿದ ಸೀನಿಕ್ ರೈಲ್ವೆ ಎಂಬ ಮರದ ರೋಲರ್ ಕೋಸ್ಟರ್ ಆಟಕ್ಕೆ 2002ರಲ್ಲಿ ಪಾರಂಪರಿಕ ಪಟ್ಟಿಯಲ್ಲಿ ಸ್ಥಾನ ಸಿಕ್ಕಿತು. ಮುಂದೆ ಉದ್ಯಾನಕ್ಕೆ ಬೀಗ ಬಿತ್ತು, 2008ರಲ್ಲಿ ಬೆಂಕಿ ಬಿದ್ದು ಆ ಆಟದ ಒಂದಷ್ಟು ಭಾಗ ಸುಟ್ಟಿತು. ಆದರೂ ಪಟ್ಟಿಯಲ್ಲಿದ್ದ ಆ ಒಂದು ಆಟವನ್ನು ಹಿಡಿದುಕೊಂಡೇ ಊರಿನವರು ಹೋರಾಡಿದ್ದರಿಂದ 2015ರಲ್ಲಿ ಉದ್ಯಾನ ಮತ್ತೆ ತೆರೆಯಿತು. ಪಟ್ಟಿಗೆ ಸೇರಿಸುವ ಕೆಲಸ ಮಾರಾಟದ ಸುದ್ದಿಗೂ ಮೊದಲೇ ನಡೆದಿರಬೇಕು ಎಂಬುದು ಇದರಿಂದ ತಿಳಿಯುತ್ತದೆ. ತಡವಾಗಿದ್ದರೆ, ಇಂದೇ ಅರ್ಜಿ ಬರೆಯಬೇಕು.

ಕಾಗದಪತ್ರಗಳ ವಿಚಾರದಲ್ಲಿ ಗಾಳಿಮಾತನ್ನು ನಂಬಿ ಓಡಾಡುವುದು ವ್ಯರ್ಥ. ಜಾಗ ಯಾರ ಹೆಸರಿನಲ್ಲಿದೆ, ನಗರದ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ ಅದನ್ನು ಯಾವ ಬಳಕೆಗೆ ಗುರುತಿಸಲಾಗಿದೆ, ಭೂಬಳಕೆ ಬದಲಾವಣೆಗೆ ಅರ್ಜಿ ಬಂದಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಮೊದಲು ಉತ್ತರ ಬೇಕು. ದಾವಣಗೆರೆಯಲ್ಲಾದರೆ ಮಹಾನಗರ ಪಾಲಿಕೆ ಮತ್ತು ನಾವು ದೂಡಾ ಎಂದು ಕರೆಯುವ ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರಗಳಿಗೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಹಾಕಬೇಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿದ್ದು 150 ಪದಗಳನ್ನು ಮೀರಬಾರದು. ಆದ್ದರಿಂದ ಮನದ ಸಂಕಟವನ್ನೆಲ್ಲ ಅದರಲ್ಲಿ ತೋಡಿಕೊಳ್ಳದೆ, ಸರ್ವೆ ನಂಬರು ಬರೆದು ಇಂಥ ಕಡತದ ಪ್ರತಿ ಬೇಕು ಎಂದಷ್ಟೇ ಕೇಳಬೇಕು. ಉದ್ಯಾನ ಖಾಸಗಿಯವರದ್ದಾಗಿದ್ದರೂ ಅದಕ್ಕೆ ಕೊಟ್ಟ ಪರವಾನಗಿಯ ಕಡತ ಸರ್ಕಾರಿ ಕಚೇರಿಯಲ್ಲೇ ಇರುತ್ತದೆ. ಬಳಕೆ ಬದಲಾವಣೆಯ ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬಂದು ಹೋಗುವುದರಿಂದ ದಿನವೂ ನೋಡುತ್ತಿದ್ದು, ಅದರಲ್ಲಿ ಹೇಳಿದ ಅವಧಿಯೊಳಗೆ ಆಕ್ಷೇಪಣೆಯನ್ನು ಲಿಖಿತವಾಗಿ ಸಲ್ಲಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು.

ಈ ಅರ್ಜಿಗಳು ಕಚೇರಿಯಲ್ಲಿ ಇರುವಾಗಲೇ ಎಲ್ಲಕ್ಕಿಂತ ಮುಖ್ಯವಾದ ಕೆಲಸ ನಡೆಯಬೇಕು: ಅಲ್ಲಿ ದುಡಿದವರ ಮಾತನ್ನು ಧ್ವನಿಮುದ್ರಿಸಿಕೊಳ್ಳುವುದು. ಕಟ್ಟಡದ ಚಿತ್ರ ಯಾರ ಮೊಬೈಲಿನಲ್ಲಾದರೂ ಸಿಕ್ಕೀತು. ಆಟ ನಡೆಸುತ್ತಿದ್ದವರ ಕೈಯ ತಿಳಿವಳಿಕೆ ಅವರೊಂದಿಗೇ ಹೋಗುತ್ತದೆ. ಮಾರ್ಗೇಟಿನ ಸೀನಿಕ್ ರೈಲ್ವೆಯಲ್ಲಿ ಬಂಡಿಯ ಜೊತೆಗೇ ಒಬ್ಬ ಬ್ರೇಕ್‌ಮನ್ ಕುಳಿತು, ಇಳಿಜಾರಿನಲ್ಲಿ ಎಲ್ಲಿ ಎಷ್ಟು ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ತನ್ನ ಕೈಯಿಂದಲೇ ನಡೆಸುತ್ತಿದ್ದ. ನಮ್ಮಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಗೆ ಬರುವ ಜಾಯಿಂಟ್ ವೀಲಿನ ಬಳಿ ಹತ್ತು ನಿಮಿಷ ನಿಂತು ನೋಡಿದರೆ ಇದೇ ವಿದ್ಯೆ ಕಾಣುತ್ತದೆ. ಸಾಲಿನಲ್ಲಿ ಮೊದಲು ನಿಂತವರನ್ನು ಒಂದರ ಹಿಂದೊಂದು ತೊಟ್ಟಿಲಲ್ಲಿ ಕೂರಿಸುವುದಿಲ್ಲ. ಒಂದನ್ನು ತುಂಬಿಸಿ, ಚಕ್ರವನ್ನು ಅರ್ಧ ತಿರುಗಿಸಿ, ಅದರ ಎದುರು ತೊಟ್ಟಿಲನ್ನು ತುಂಬಿಸುತ್ತಾರೆ. ಒಂದೇ ಕಡೆ ಭಾರ ಬಿದ್ದರೆ ಚಕ್ರ ಜಗ್ಗುತ್ತದೆ. ಕಳೆದ ಜಾತ್ರೆಯೊಂದರಲ್ಲಿ ನಾನು ಇದನ್ನು ಕೇಳಿದಾಗ ಅದನ್ನು ನಡೆಸುತ್ತಿದ್ದ ಹಿರಿಯರು ಸನ್ನೆಕೋಲಿನ ಹಿಡಿಯಿಂದ ಕೈ ತೆಗೆಯದೆ, “ಕಣ್ಣಲ್ಲಿ ನೋಡೋದಲ್ಲಪ್ಪಾ, ತೊಟ್ಲು ಭಾರ ಆದದ್ದು ಕೈಗೇ ಗೊತ್ತಾಗುತ್ತೆ” ಎಂದರು. ಅವರ ಬಲ ಅಂಗೈಯ ಬುಡದಲ್ಲಿ ಹಿಡಿಯ ಅಳತೆಗೇ ಕಾಯಿಗಟ್ಟಿತ್ತು.

ಆದ್ದರಿಂದ “ಮುಚ್ಚುತ್ತಿರುವುದಕ್ಕೆ ಏನನ್ನಿಸುತ್ತದೆ?” ಎಂದು ಮೊದಲೇ ಕೇಳಬಾರದು, ಆ ಪ್ರಶ್ನೆಗೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ. “ಯಜಮಾನ್ರೇ, ಬೆಳಗ್ಗೆ ಬಂದ ಕೂಡಲೇ ಮೊದಲು ಏನು ಪರೀಕ್ಷೆ ಮಾಡ್ತಿದ್ರಿ? ಗ್ರೀಸು ಎಲ್ಲೆಲ್ಲಿ ಹಾಕ್ತಿದ್ರಿ? ಮಳೆ ಬಂದ್ರೆ ಯಾವ ಆಟ ನಿಲ್ಲಿಸ್ತಿದ್ರಿ?” ಎಂದು ಕೇಳಬೇಕು. ಕೆಲಸದ ಮಾತಿನಿಂದ ಆರಂಭವಾದ ಸಂಭಾಷಣೆ ತಾನಾಗಿಯೇ ಮನಸ್ಸಿನ ಮಾತಿಗೆ ಹೊರಳುತ್ತದೆ. ಧ್ವನಿಮುದ್ರಣದ ಆರಂಭದಲ್ಲೇ ದಿನಾಂಕ, ಸ್ಥಳ, ಹೇಳುವವರ ಹೆಸರು ಮತ್ತು ಅವರ ಒಪ್ಪಿಗೆಯನ್ನು ಗಟ್ಟಿಯಾಗಿ ನುಡಿದು ದಾಖಲಿಸಬೇಕು. ಟಿಕೆಟು ಹರಿಯುತ್ತಿದ್ದವರು, ಕಸ ಗುಡಿಸುತ್ತಿದ್ದ ಅಮ್ಮ, ಗೇಟಿನ ಹೊರಗೆ ಮಂಡಕ್ಕಿ ಮಾರುತ್ತಿದ್ದವರು ಯಾರನ್ನೂ ಬಿಡಬಾರದು; ಮಂಡಕ್ಕಿಯವರಿಗೆ ಪರಿಹಾರದ ಪಟ್ಟಿಯಲ್ಲಿ ಸಾಮಾನ್ಯವಾಗಿ ಜಾಗವಿರುವುದಿಲ್ಲ, ಅವರು ಎಷ್ಟು ವರ್ಷದಿಂದ ಅಲ್ಲಿ ಕೂತಿದ್ದಾರೆ ಎಂಬ ಈ ದಾಖಲೆ ಮುಂದೆ ಅವರಿಗೇ ಬೇಕಾದೀತು. ಮಾತು ಮುಗಿದ ಮೇಲೆ ಯಂತ್ರ ಓಡುವ ಸದ್ದನ್ನೂ ಎರಡು ನಿಮಿಷ ಪ್ರತ್ಯೇಕವಾಗಿ ಮುದ್ರಿಸಿಕೊಳ್ಳಬೇಕು.

ಛಾಯಾಚಿತ್ರಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ದೂರದಿಂದ, ಹತ್ತಿರದಿಂದ, ಒಳಗಿನಿಂದ ತೆಗೆಯಬೇಕು. ಕೈಬರಹದ ಫಲಕ, ಸವೆದ ಟಿಕೆಟು ಕಿಂಡಿಯ ಕಲ್ಲು, ಬಣ್ಣದ ಮೇಲೆ ಬಣ್ಣ ಬಳಿದ, ತಿರುಗುವ ಆಟದ ಕುದುರೆಯ ಕಿವಿ ಇಂಥವನ್ನು ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆಯಬೇಕು. ವಾಟ್ಸಾಪ್‌ನಲ್ಲಿ ಕಳುಹಿಸಿದ ಚಿತ್ರದ ಗುಣಮಟ್ಟ ಇಳಿಯುವುದರಿಂದ ಮೂಲ ಕಡತಗಳನ್ನೇ ಮೂರು ಬೇರೆ ಬೇರೆ ಕಡೆ ಇಡಬೇಕು.

ವಸ್ತುಗಳ ವಿಷಯದಲ್ಲಿ ಗುಜರಿಯವರು ನಿಮಗಿಂತ ಮೊದಲೇ ಬಂದಿರುತ್ತಾರೆ. ಕಬ್ಬಿಣದ ಆಟಗಳು ತೂಕದ ಲೆಕ್ಕದಲ್ಲಿ ಹೋಗುತ್ತವೆ. ಹೆಸರಿನ ಫಲಕ, ಟಿಕೆಟು ಪುಸ್ತಕ, ಹಾಜರಿ ವಹಿಗಳಿಗೆ ಅವರ ತಕ್ಕಡಿಯಲ್ಲಿ ಬೆಲೆಯೇ ಇಲ್ಲದ ಕಾರಣ ಅವು ಬೆಂಕಿಗೆ ಬೀಳುತ್ತವೆ. ಮಾಲೀಕರಿಗೆ ಲಿಖಿತ ಮನವಿ ಕೊಟ್ಟು, ಅವರ ಸಹಿಯಿರುವ ಪತ್ರ ಪಡೆದೇ ಅವನ್ನು ತರಬೇಕು. ಜೊತೆಗೆ ಗುಜರಿ ಅಂಗಡಿಯವರನ್ನೂ ಒಮ್ಮೆ ಕಂಡು, ಒಂದು ತೊಟ್ಟಿಲನ್ನೋ ಕುದುರೆಯನ್ನೋ ತೂಕದ ಬೆಲೆಗೆ ತೆಗೆದಿಡಲು ಮುಂಗಡ ಕೊಡಬೇಕು. ತರುವ ಮುನ್ನ ಅದನ್ನು ಇಡುವ ಜಾಗ ಗೊತ್ತಿರಲಿ: ಶಾಲೆಯ ಅಂಗಳ, ಗ್ರಂಥಾಲಯದ ಮೊಗಸಾಲೆ, ಕಾಲೇಜಿನ ಇತಿಹಾಸ ವಿಭಾಗ, ಎಲ್ಲಾದರೂ ಸರಿ, ಮಳೆ ಬೀಳದ ಕಡೆ.

ಬೇಲಿ ಎದ್ದ ಮೇಲೆ ಒಳಗೆ ನುಗ್ಗುವ ಪ್ರಯತ್ನ ಬೇಡ. ಎದುರಿನ ಕಟ್ಟಡದವರ ಅನುಮತಿ ಪಡೆದು ಮಹಡಿಯ ಮೇಲೆ ಒಂದು ಜಾಗ ಗುರುತಿಸಿ, ತಿಂಗಳ ಮೊದಲ ಭಾನುವಾರ ಅದೇ ಹೊತ್ತಿಗೆ, ಅದೇ ಕೋನದಿಂದ ಒಂದು ಚಿತ್ರ ತೆಗೆದು, ಹಿಂದಿನವುಗಳ ಜೊತೆ ದಿನಾಂಕ ಬರೆದು ಇಡುತ್ತಾ ಹೋಗಬೇಕು.