ಮತಗಟ್ಟೆ ಏಜೆಂಟರು 17ಸಿ ನಮೂನೆಯ ನಕಲನ್ನು ಪಡೆಯುವ ಕ್ರಮ

ಸಕಲೇಶಪುರದ ತೋಟಗಳ ನಡುವಿನ ಮತಗಟ್ಟೆಯಾಗಲಿ, ಹಾಸನ ಲೋಕಸಭಾ ಕ್ಷೇತ್ರಕ್ಕೇ ಸೇರುವ ಚಿಕ್ಕಮಗಳೂರು ಜಿಲ್ಲೆಯ ಕಡೂರಿನದಾಗಲಿ, ಅಭ್ಯರ್ಥಿಯ ಪರವಾಗಿ ಮತಗಟ್ಟೆಯಲ್ಲಿ ಕೂರುವ ಏಜೆಂಟರು ಬೆಳಗಿನ ಅಣಕು ಮತದಾನಕ್ಕೇ ಹಾಜರಿರಬೇಕು. ಕನಿಷ್ಠ 50 ಮತ ಹಾಕಿ, ಎಣಿಸಿ ತೋರಿಸಿ, ಅವನ್ನು ಅಳಿಸಿದ ಮೇಲೆಯೇ ಯಂತ್ರಕ್ಕೆ ಮೊಹರು ಬೀಳಬೇಕು. ಆದರೆ ಸಂಜೆಯ ಕೆಲಸವೇ ಹೆಚ್ಚು ಮುಖ್ಯ. 1961ರ ಚುನಾವಣೆ ನಡೆಸುವ ನಿಯಮಗಳ 49ಎಸ್ ಪ್ರಕಾರ, ಮತದಾನ ಮುಗಿದಾಗ ಹಾಜರಿರುವ ಪ್ರತಿಯೊಬ್ಬ ಏಜೆಂಟರಿಗೂ, ದಾಖಲಾದ ಮತಗಳ ಲೆಕ್ಕವಿರುವ 17ಸಿ ನಮೂನೆಯ ನಕಲನ್ನು ರಸೀದಿ ಪಡೆದು ಕೊಡುವುದು ಮತಗಟ್ಟೆಯ ಮುಖ್ಯಸ್ಥರಾದ ಅಧ್ಯಕ್ಷಾಧಿಕಾರಿಯ ಕರ್ತವ್ಯ. ಕೇಳಲು ಸಂಕೋಚ ಬೇಡ. ಕೊನೆಯ ಬಸ್ಸು ತಪ್ಪೀತೆಂದು ಮೊದಲೇ ಎದ್ದು ಹೋದವರಿಗೆ ಈ ಹಕ್ಕಿಲ್ಲ. ಮತಯಂತ್ರದಲ್ಲಿ ಮತಗಳನ್ನು ದಾಖಲಿಸಿಡುವ ಭಾಗವಾದ ಕಂಟ್ರೋಲ್ ಯೂನಿಟ್ಟಿನ ಕ್ರಮಸಂಖ್ಯೆಯನ್ನೂ, ‘ಟೋಟಲ್’ ಗುಂಡಿ ಒತ್ತಿದಾಗ ಕಾಣುವ ಅಂಕಿಯನ್ನೂ ನಕಲಿನೊಂದಿಗೆ ತಾಳೆ ನೋಡಿ. ಎಣಿಕೆಯ ದಿನ ಅದೇ ಹಾಳೆ ಎಣಿಕೆ ಏಜೆಂಟರ ಕೈಯಲ್ಲಿರಲಿ; ಲೆಕ್ಕ ಹೊಂದದಿದ್ದರೆ ಚುನಾವಣಾಧಿಕಾರಿಗೆ ಲಿಖಿತವಾಗಿಯೇ ಆಕ್ಷೇಪಣೆ ಸಲ್ಲಿಸಿ.