ಕೌದಿಗೆ ನಿಮ್ಮದೇ ಡಿಸೈನ್ ಬೇಕಾ?

ಈ ಮಳೆಗಾಲದಲ್ಲಿ ಕೌದಿ ಹೊಲಿಯಲು ಕೂರುವವರು ಡಿಸೈನಿಗೆ ಯೂಟ್ಯೂಬ್ ಜಾಲಾಡುವ ಮುಂಚೆ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ದೀವರು ಸಮುದಾಯದವರು ಮನೆ ಗೋಡೆ ಮೇಲೆ ಬರೆಯುವ ಹಸೆ ಚಿತ್ತಾರವನ್ನು ಒಮ್ಮೆ ನೋಡಿ. ಪೂರ್ತಿ ಗೆರೆ, ಚೌಕ, ತ್ರಿಕೋನಗಳದ್ದೇ ಆಟ. ಇಡೀ ಚಿತ್ತಾರ ಬಟ್ಟೆಗೆ ಇಳಿಸಲು ಹೋಗಬೇಡಿ, ಗೆರೆ ತೀರಾ ಸಣ್ಣ. ಅಂಚಿನ ಒಂದು ತುಣುಕು ಸಾಕು.

ಅದನ್ನು ಚೌಕುಳಿ ಹಾಳೆಯಲ್ಲಿ ಬರೆದುಕೊಳ್ಳಿ. ಹಾಳೆಯ ಒಂದು ಚೌಕ ಅಂದರೆ ಬಟ್ಟೆಯಲ್ಲಿ 4 ಇಂಚು ಅಂತ ಲೆಕ್ಕ. ನಾಲ್ಕೂ ಬದಿ ಹೊಲಿಗೆಗೆ ಕಾಲಿಂಚು ಬಿಡಬೇಕಲ್ವಾ, ಹಾಗಾಗಿ ಕತ್ತರಿಸುವುದು ನಾಲ್ಕೂವರೆ ಇಂಚು.

ತ್ರಿಕೋನವನ್ನು ಮಾತ್ರ ಬಿಡಿಯಾಗಿ ಕತ್ತರಿಸಬೇಡಿ. ಓರೆ ಅಂಚು ಎಳೆದುಕೊಂಡು ಸೊಟ್ಟಗಾಗುತ್ತದೆ. ಎರಡು ಬಣ್ಣದ 5 ಇಂಚಿನ ಚೌಕಗಳ ಒಳ್ಳೆ ಬದಿ ಎದುರುಬದುರು ಇಟ್ಟು, ಮೂಲೆಯಿಂದ ಮೂಲೆಗೆ ಗೆರೆ ಎಳೆಯಿರಿ. ಗೆರೆಯ ಎರಡೂ ಕಡೆ ಕಾಲಿಂಚು ದೂರದಲ್ಲಿ ಹೊಲಿದು, ಗೆರೆಯ ಮೇಲೆ ಕತ್ತರಿಸಿ. ಬಿಡಿಸಿದರೆ ಅರ್ಧ-ಅರ್ಧ ಬಣ್ಣದ ಎರಡು ಚೌಕ ರೆಡಿ. ಇಸ್ತ್ರಿ ಮಾಡಿ ನಾಲ್ಕೂವರೆ ಇಂಚಿಗೆ ಅಂಚು ಸರಿಮಾಡಿಕೊಳ್ಳಿ.

ಹೊಲಿಯುವ ಮುಂಚೆ ತುಂಡುಗಳನ್ನು ನೆಲದ ಮೇಲೆ ಜೋಡಿಸಿ, ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆಯಿರಿ. ಎರಡು ಬಣ್ಣ ಒಂದೇ ತರ ಬೂದು ಬಣ್ಣವಾಗಿ ಕಂಡರೆ ಒಂದನ್ನು ಬದಲಿಸಿ, ಇಲ್ಲದಿದ್ದರೆ ದೂರದಿಂದ ಡಿಸೈನೇ ಕಾಣಲ್ಲ. ಕೆಮ್ಮಣ್ಣು ಬಣ್ಣದ ಮೇಲೆ ಬಿಳಿ ಚೆನ್ನಾಗಿ ಎದ್ದು ಕಾಣುತ್ತದೆ. ಕೆಂಪು ಬಟ್ಟೆಯನ್ನು ಮೊದಲೇ ಬೇರೆ ಒಗೆದುಬಿಡಿ.

ಒಳಗೆ ಹಳೇ ಕಾಟನ್ ಸೀರೆ ಎರಡು ಪದರ ಸಾಕು. ಜಾಸ್ತಿ ತುಂಬಿದರೆ ನಮ್ಮ ಮಳೆಗೆ ಒಣಗುವುದೇ ಇಲ್ಲ.